ಒಂದೇ ಪದರಕ್ಕೆ

ನಿಲ್ಲು, ಇನ್ನಿಸ್. ಕನ್ನಡಿ ಆಮೇಲೆ ನೋಡುವೆಯಂತೆ.
ಮೊದಲು ಸೊಂಟಪಟ್ಟಿ, ಒಂದು ತೂತು ಒಳಕ್ಕೆ.
ಮದುವೆಗೆ ಇನ್ನೂ ಒಂಬತ್ತು ದಿನ;
ಅಜ್ಜಿಯ ಕೈಯೂಟ ಮತ್ತೆ ಹಳೆಯ ತೂತಿಗೇ ತರುತ್ತದೆ, ಇರಲಿ.

ಈ ಚೀಲ ಇಲ್ಲಿ ಬರಬೇಕು, ಬಕಲ್ಲಿನಿಂದ ನಾಲ್ಕು ಬೆರಳು ಕೆಳಗೆ.
ಅಂಗಡಿಯವರು ಸ್ಪಾರನ್ ಅನ್ನಲಿ, ನನ್ನ ಪಾಲಿಗೆ ಇದು ಜೇಬು,
ಜೇಬೇ ಇಲ್ಲದ ಉಡುಪಿಗೆ ಹೊರಗಿಂದ ಕಟ್ಟಿದ್ದು.
ಕರುವಿನ ಚರ್ಮ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ,
ಅತ್ತಣದು ಇತ್ತ, ಇತ್ತಣದು ಅತ್ತ,
ಅದೇ ತೂತಿನಲ್ಲಿ ಎದುರಾಗಿ ದಾಟಬೇಕು.
ಮೂರು ಸಂಜೆ ತಿಂದಿತು.
ಉಂಗುರ ಇಡು, ಕರವಸ್ತ್ರ ಇಡು,
ಪಾದ್ರಿಯ ಮುಂದೆ ಮಾತು ಮರೆತರೆ ನೋಡಲೊಂದು ಚೀಟಿ.
ಫೋನು ಬೇಡ. ಉಬ್ಬುತ್ತದೆ,
ಕಪ್ಪೆ ನುಂಗಿದ ಹಾವಿನ ಹಾಗೆ.

ಇನ್ನು ಪಿನ್ನು.

ಫೆಬ್ರವರಿಯಲ್ಲಿ ಬಂದಳು ವಿಲಿಯಮೀನಾ,
ಕೋಟು ಬಿಚ್ಚಲಿಲ್ಲ, ಕೂರಲಿಲ್ಲ,
ಚಹಾದ ಡಬ್ಬವನ್ನು ನನ್ನ ಮೇಜಿಗೆ ಬೋರಲು ಹಾಕಿದಳು.
ಮಸಿ ಹಿಡಿದ ಮೊಳೆಗಳು. ತಾಮ್ರದವು.
‘ದೋಣಿ’ ಅಂದಳು.

ಲಿಬ್‌ಸ್ಟರ್ ಬಂದರಿನಲ್ಲಿ ಯಾರಿಗೆ ಗೊತ್ತಿಲ್ಲ?
ಹಲಗೆ ಕೊಳೆತದ್ದನ್ನು ದಡಕ್ಕೆಳೆದು
ಬಲೆ ಒಣಗಿಸುವ ಗೋಡೆಯ ಹಿಂದೆ ಸುಟ್ಟದ್ದು,
ನಿನ್ನಜ್ಜ ನೋಡಲು ಬಾರದೆ
ಮನೆಯಲ್ಲಿ ಟೀವಿಯ ಸದ್ದು ಜೋರು ಮಾಡಿ ಕೂತದ್ದು.
ಮಾರನೆಯ ಬೆಳಿಗ್ಗೆ ಇವಳು ಹೋಗಿದ್ದಾಳೆ, ಒಬ್ಬಳೇ.
ಕಬ್ಬಿಣವಾಗಿದ್ದರೆ ಅಯಸ್ಕಾಂತ ಆಡಿಸಿ ಬಾಚಬಹುದಿತ್ತು,
ತಾಮ್ರ ಅದಕ್ಕೆ ಸೊಪ್ಪು ಹಾಕುವುದಿಲ್ಲ.
ಬೂದಿಗೆ ಬೆರಳಿಳಿಸಿ ಒಂದೊಂದೇ ಹೆಕ್ಕಬೇಕು,
ಮಗುವಿನ ತಟ್ಟೆಯ ಮೀನಿಗೆ ಮುಳ್ಳು ತೆಗೆದಂತೆ.

‘ಇದರಲ್ಲೊಂದು ಹುಡುಗನ ಕಿಲ್ಟಿಗೆ ಬೇಕು, ಡೊಲೀನಾ.
ಪಾಲಿಶ್ ಹಾಕಿದರೆ ದುಡ್ಡು ಕೊಡುವುದಿಲ್ಲ.’

ಸುಟ್ಟ ತಾಮ್ರ ಮೆತ್ತಗಿರುತ್ತದೆ, ನಿನಗೆ ತಿಳಿದಿರಲಿಕ್ಕಿಲ್ಲ.
ಬೆಂಕಿ ಉಂಡ ಮೇಲೆ ಬೆನ್ನುಮೂಳೆ ಹೋಗಿರುತ್ತದೆ.
ಮೊದಲ ಮೊಳೆ ಬೆರಳಲ್ಲೇ ಬಾಗಿತು.
ಎರಡನೆಯದನ್ನು ಬಡಿದೆ,
ಸಣ್ಣ ಸುತ್ತಿಗೆ, ಸಣ್ಣ ಏಟು, ಬಹಳ ಹೊತ್ತು.
ಏಟು ತಿಂದೇ ಅದು ಮತ್ತೆ ಗಟ್ಟಿಯಾಗುವುದು,
ಒಂದು ಹೆಚ್ಚಾಯಿತೋ, ಸೀಳುತ್ತದೆ.
ಎಲ್ಲಿ ಸಾಕೆಂಬುದನ್ನು ಸದ್ದು ಹೇಳುತ್ತದೆ:
ದೊಪ್ ದೊಪ್ ಅಂದದ್ದು ಒಮ್ಮೆ ಕಿಣ್ ಅನ್ನುತ್ತದೆ, ಆಗ ಕೈ ತಡೆಯಬೇಕು.
ಎರಡನೆಯದು ಸೀಳಿತು.
ನನ್ನ ಕಿವಿಗೂ ಈಗ ಅರವತ್ತೇಳು.
ಇದು ಮೂರನೆಯದು.

ತಲೆಯನ್ನು ಹಾಗೇ ಬಿಟ್ಟಿದ್ದೇನೆ, ಮುಟ್ಟಿ ನೋಡು,
ದೋಣಿ ಕಟ್ಟಿದವನ ಏಟು ಇನ್ನೂ ಇದೆ, ಸ್ವಲ್ಪ ಎಡಕ್ಕೆ.
ಎಡಚನಿರಬೇಕು.

ಅಯ್ಯೋ, ಬೇಡ! ಎರಡೂ ಪದರಕ್ಕೆ ಚುಚ್ಚಬೇಡ.
ಎಲ್ಲ ಮದುಮಕ್ಕಳೂ ಮಾಡುವ ತಪ್ಪು.
ಎರಡನ್ನೂ ಸೇರಿಸಿ ಬಿಗಿದೆಯೋ,
ಮೊದಲ ಸಲ ಕೂತಾಗಲೇ ಪರ್ರನೆ ಹರಿಯುತ್ತದೆ ಉಣ್ಣೆ.
ಮೇಲಿನದಕ್ಕೆ ಮಾತ್ರ. ಹೀಗೆ.
ಒಳಗಿನದು ತನ್ನ ಪಾಡಿಗೆ ಇರಲಿ.

ಮತ್ತೆ ಇದು ಏನನ್ನು ಹಿಡಿಯುತ್ತದೆ ಅನ್ನುತ್ತೀಯಾ?
ಏನನ್ನೂ ಇಲ್ಲ.
ತೂಗುತ್ತದೆ. ಅಷ್ಟೇ.

ಹಿಡಿದದ್ದೆಲ್ಲ ಹಿಂದೆ:
ಹಲಗೆಯಂಚಿನ ಮೇಲೆ ಹಲಗೆಯಂಚು,
ನಿನ್ನ ಬೆನ್ನ ಕಡೆಯ ನೆರಿಗೆಗಳ ಹಾಗೆಯೇ ಒಂದನ್ನೊಂದು ಹೊದ್ದು,
ಆಚೆ ಉತ್ತರ ಸಮುದ್ರ,
ಈಚೆ ನಿನ್ನಜ್ಜನ ಬೂಟು.
ನಲವತ್ತೊಂದು ವರ್ಷ.

ಹೋಗು, ಬಾಗಿಲು ತೆಗೆದು ನಿಲ್ಲು.
ಈ ಊರಿನ ಗಾಳಿಗೆ ಮದುಮಗನೆಂಬ ಮುಲಾಜಿಲ್ಲ.
ನೋಡು, ಬಂತು,
ಅಂಚನ್ನು ಎರಡು ಬೆರಳು ಎತ್ತಿತು,
ಬಿಟ್ಟಿತು.

ಇನ್ನು ಬಾಗಿಲು ಹಾಕು, ಚಳಿ.
ದುಡ್ಡು ಅವಳೇ ಕೊಟ್ಟಾಗಿದೆ.
ಡಬ್ಬದಲ್ಲಿ ಇನ್ನೂ ಐವತ್ತಾರು ಮೊಳೆ ಉಳಿದಿವೆ,
ಎರಡು ಸಲ ಹೇಳಿ ಕಳಿಸಿದೆ,
ಒಯ್ಯಲು ಬಂದಿಲ್ಲ.