ಎಂಜಿನ್ ತಣ್ಣಗಿರುವಾಗ

ಹೇಳಿದ್ದೆನಲ್ಲ ಲವೀಟಾ, ಬೆಳಗಿನ ಐದಕ್ಕೇ ಹೋಗೋಣ,
ಅವನೆದ್ದು ಗಾಡಿ ಬಿಸಿ ಮಾಡಿಡುವ ಮೊದಲು.
ತಣ್ಣಗಿನ ಎಂಜಿನ್ ಇದ್ದದ್ದನ್ನು ಇದ್ದ ಹಾಗೆ ಕೆಮ್ಮುತ್ತದೆ.
ಬಿಸಿಯಾದದ್ದು ಮದುವೆಮನೆಯ ಬೀಗರ ಹಾಗೆ,
ಎಲ್ಲದಕ್ಕೂ ನಗುತ್ತದೆ.

ಶಾರ್ಜಾದ ಸನಾಯಿಯಾ, ಹತ್ತನೇ ನಂಬರು. ಆಗಸ್ಟ್.
ಸೂರ್ಯ ಇನ್ನೂ ಬಂದಿಲ್ಲ, ಸೆಕೆ ಬಂದಾಗಿದೆ.
ಗುಲ್‌ಜಮಾನ್ ಖಾನನ ಅಂಗಳದಲ್ಲಿ ಬಿಳಿ ಸೆಡಾನು,
ತೊಳೆದು, ಡ್ಯಾಶ್‌ಬೋರ್ಡಿಗೆ ಎಣ್ಣೆ ಸವರಿ,
ಕನ್ನಡಿಗೆ ಪರಿಮಳದ ರಟ್ಟು ತೂಗುಹಾಕಿ.
ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ.
ಬೆಚ್ಚಗಿತ್ತು.
ನಾಲ್ಕಕ್ಕೇ ಎದ್ದಿದ್ದಾನೆ, ಕಳ್ಳ.

ನೀನು ಮುಲ್ಕಿಯಾ ತಿರುಗಿಸಿ ನೋಡುತ್ತ ನಿಂತೆ.
ಮುಲ್ಕಿಯಲ್ಲಿ ಹುಟ್ಟಿದವನಿಗೆ ಆ ಪದ ಕೇಳಿದಾಗೆಲ್ಲ
ಬಸ್‌ಸ್ಟ್ಯಾಂಡಿನ ಗೋಳಿಬಜೆಯ ವಾಸನೆ ಬರುತ್ತದೆ.
ಅದಿರಲಿ. ಕಾಗದ ಬಿಡು, ಪೆಡಲು ನೋಡು.
ಮೀಟರಿನಲ್ಲಿ ಎಪ್ಪತ್ತೆರಡು ಸಾವಿರ,
ಬ್ರೇಕಿನ ರಬ್ಬರು ಮಾತ್ರ ಮುದುಕನ ವಸಡು.
ಹೊಸ ರಬ್ಬರಿಗೆ ಹತ್ತು ದಿರ್ಹಮ್ ಸಾಕಿತ್ತು, ಮರೆತಿದ್ದಾನೆ.
ಮೇಲೆಲ್ಲ ಒರೆಸುವವರು ಮರೆಯುವುದು ಕಾಲಬುಡವನ್ನೇ.

ಸೀಟ್‌ಬೆಲ್ಟನ್ನು ಕೊನೆತನಕ ಎಳೆ. ಇನ್ನೂ ಎಳೆ.
ಕೆಸರಿನ ಗೆರೆ ಕಂಡರೆ ಅದು ಯಾವುದೋ ದೇಶದ ನೆರೆಯಲ್ಲಿ
ಮುಳುಗಿ, ಒಣಗಿ, ಹಡಗು ಹತ್ತಿ ಬಂದ ಗಾಡಿ.
ಇದಕ್ಕೆ ಗೆರೆಯಿಲ್ಲ. ಸಂದಿನಿಂದ
ಬಣ್ಣದ ಪೆನ್ಸಿಲಿನ ತುಂಡೊಂದು ಉದುರಿತು, ಹಸಿರು.
ನೀನದನ್ನು ಕಿಸೆಗೆ ಹಾಕಿಕೊಂಡೆ.

ಎಸಿ ಇಲ್ಲಿ ನಿಂತಲ್ಲಿ ಎಲ್ಲವೂ ಊದುತ್ತವೆ.
ಮಧ್ಯಾಹ್ನ ಎರಡಕ್ಕೆ, ಸಿಗ್ನಲ್ಲಿನಲ್ಲಿ,
ಕಂಪ್ರೆಸರ್ ಏನನ್ನುತ್ತದೆ, ಅದು ಮಾತು.
ಆಯಿಲ್ ಮುಚ್ಚಳದ ಅಡಿಯಲ್ಲಿ ಕರಕ್ ಚಹಾದ ಕೆನೆ ಕಂಡರೆ
ಹಿಂದೆ ನೋಡದೆ ಓಡು:
ನೀರೂ ಎಣ್ಣೆಯೂ ಒಳಗೊಳಗೇ ಸಂಸಾರ ಹೂಡಿವೆ,
ಹೆಡ್ ಗ್ಯಾಸ್ಕೆಟ್ಟು ಹೋಗಿದೆ.
ಇದರಲ್ಲಿಲ್ಲ. ಗೇರೆಣ್ಣೆ ಮೂಸಿದೆ, ಸುಟ್ಟಿಲ್ಲ.
ರಿವರ್ಸಿಗೆ ಹಾಕಿದರೆ ಮಾತ್ರ ಢಕ್ ಎಂದಿತು,
ಎಂಜಿನ್ ಮೌಂಟು; ಈ ಬಿಸಿಲಿಗೆ ರಬ್ಬರೆಲ್ಲ ಹಪ್ಪಳ.
ಮುನ್ನೂರು ಇಳಿಸು ಅಂದೆ. ಇಳಿಸಿದ, ತಕ್ಷಣ.
ಅಷ್ಟು ಬೇಗ ಇಳಿಸಬಾರದಿತ್ತು.

ಟಯರಿನ ಪಕ್ಕದ ನಾಲ್ಕು ಅಂಕಿ ಓದಲು ಕಲಿಸಿದೆ ನಿನಗೆ,
ಮೊದಲೆರಡು ವಾರ, ಮತ್ತೆರಡು ವರುಷ.
ಆಮೇಲೆ ರಟ್ಟು ಹಾಸಿ ಅಡಿಗೆ ನುಸುಳಿದೆ.

ಮುಂಸೀಟಿನ ಕೆಳಗೆ, ಕಪ್ಪು ಬಣ್ಣದ ಅಡಿಯಲ್ಲಿ,
ವೆಲ್ಡಿಂಗಿನ ಹೊಲಿಗೆ.
ಬಂಗುಡೆಯ ಬೆನ್ನುಮುಳ್ಳಿನ ಹಾಗೆ ನೇರ ಬಂದು
ತುದಿಯಲ್ಲಿ ಬಲಕ್ಕೆ ಕೊಂಕುವುದು.
ಹಾಗೆ ಕೊಂಕಿಸುವವನು ಈ ಸನಾಯಿಯಾದಲ್ಲಿ ಒಬ್ಬನೇ,
ಹೆಬ್ಬೆರಳು ಸುಟ್ಟು ಮಡಚಲಾಗದವನು.
ಟಾರ್ಚು ಹಿಡಿದಿದ್ದದ್ದು ಅದೇ ಹೆಬ್ಬೆರಳು.

ಆರು ವರುಷದ ಹಿಂದೆ. ಸಂಬಳ ಮೂರು ತಿಂಗಳು ಬಾಕಿ.
ಮುಂದಿನರ್ಧ ಒಂದು ಗಾಡಿಯದು, ಹಿಂದಿನರ್ಧ ಇನ್ನೊಂದರದು.
ಒಂದು ಮಾಡು ಅಂದ ಅರ್ಬಾಬ್. ಮಾಡಿದೆ.
ಮೂರು ಕೋಟು ಬಣ್ಣ ಹೊಡೆದೆ.
ಯಾರಿಗೆ ಮಾರಿದರೆಂದು ಕೇಳಲಿಲ್ಲ.
ಹಸಿರು ಪೆನ್ಸಿಲಿನ ಮಗುವೊಂದು ಈ ಹೊಲಿಗೆಯ ಮೇಲೆ
ಕಾಲಾಡಿಸುತ್ತ ಶಾಲೆಗೆ ಹೋಗಿದೆ, ಎಷ್ಟು ವರುಷವೋ.

ಬೆರಳಾಡಿಸಿ ನೋಡಿದೆ. ಎಲ್ಲೂ ಬಿರಿದಿಲ್ಲ.
ಒಳ್ಳೆಯ ಕೆಲಸ ಅನ್ನಿಸಿತು. ದೈವದಾಣೆ, ಒಂದು ಗಳಿಗೆ
ಹೆಮ್ಮೆಯೂ ಆಯಿತು.
ಆಮೇಲೆ ಬೆನ್ನಿಗೆ ರಟ್ಟು ಅಂಟಿಕೊಂಡಿತು.

"ಏನಾದರೂ ಉಂಟಾ ದೂಮಣ್ಣ?" ಮೇಲಿಂದ ನಿನ್ನ ದನಿ.
ಕಾಣುತ್ತಿದ್ದದ್ದು ರಾತ್ರಿಪಾಳಿಯ ಬಿಳಿ ಬೂಟು ಮಾತ್ರ,
ಹಿಮ್ಮಡಿ ಒಂದೇ ಕಡೆ ಸವೆದು.
ಅಜ್ಮಾನಿನ ಆಸ್ಪತ್ರೆಗೂ ನಿನ್ನ ಕೋಣೆಗೂ ನಡುವೆ
ನೂರ ಇಪ್ಪತ್ತರಲ್ಲಿ ಓಡುವ ಹೆದ್ದಾರಿ.

ಹೊರಗೆ ಬಂದೆ. ಮೊಣಕೈ ಒರೆಸಿಕೊಂಡೆ.
"ಇದು ಬೇಡ."
"ಯಾಕೆ? ಎಲ್ಲ ಸರಿ ಇತ್ತಲ್ಲ?"
"ಇದನ್ನು ಬೆಸೆದವನ ಪರಿಚಯ ಉಂಟು ನನಗೆ."

ಗುಲ್‌ಜಮಾನ್ ಮತ್ತೆ ಐನೂರು ಇಳಿಸಿದ, ನನ್ನನ್ನೇ ನೋಡುತ್ತ.
ನೀನಾಗಲೇ ಪಕ್ಕದ ಬೂದು ಗಾಡಿಯೆದುರು ಕುಕ್ಕರುಗಾಲಲ್ಲಿ ಕೂತು
ಟಯರಿನ ಧೂಳು ಒರೆಸಿ ಓದುತ್ತಿದ್ದೆ, ಗಟ್ಟಿಯಾಗಿ:
ವಾರ, ವರುಷ.