ಐದು ವರ್ಷದ ಅಂದಾಜು

ಮೈಸೂರಿನ ಡಿಸ್ಟ್ರಿಬ್ಯೂಟರ್ ಕಡೆಯ ಹುಡುಗ ನಿಶ್ಚಲ
ಲ್ಯಾಪ್‌ಟಾಪ್ ಬಿಚ್ಚಿ ನನ್ನ ಗಲ್ಲಾಪೆಟ್ಟಿಗೆ ಮೇಲಿಟ್ಟ.
ನೀಲಿ ಗೆರೆಯೊಂದು ಎಡದಿಂದ ಹೊರಟು
ಏದುಸಿರೂ ಬಿಡದೆ ಬಲಕ್ಕೆ ಹತ್ತಿತ್ತು.
"ಮೇಡಂ, ಇದು ಪ್ರಪಂಚ. ಇಲ್ಲಿ ಮಂಡ್ಯದ್ದು ಹಾಕಬೇಕು.
ಮುಂದಿನ ಐದು ವರ್ಷ, ವರ್ಷಕ್ಕೆ ಎಷ್ಟು ಕನ್ಸೋಲ್?
ಸುಮ್ಮನೆ ಒಂದು ಅಂದಾಜು."

ಸುಮ್ಮನೆ ಅಂದದ್ದನ್ನು ಸುಮ್ಮನೆ ಬಿಡುವವಳಲ್ಲ ನಾನು.
ನಮ್ಮಪ್ಪ ರೇಡಿಯೋ ಮಾರಿದ ಅಂಗಡಿ ಇದು,
ವಿ.ವಿ. ರಸ್ತೆಯಲ್ಲಿ, ಹೂವಿನವಳ ಪಕ್ಕ.
ಟೇಪ್ ರೆಕಾರ್ಡರ್ ಶಾಶ್ವತ ಅಂತ ನಂಬಿ
ಅವರು ತರಿಸಿದ ಇಪ್ಪತ್ತನಾಲ್ಕರಲ್ಲಿ
ಒಂಬತ್ತು ಇನ್ನೂ ಅಟ್ಟದ ಮೇಲೆ ಕೂತು
ಕೆಳಗಿನ ವ್ಯಾಪಾರ ಕೇಳಿಸಿಕೊಳ್ಳುತ್ತಿವೆ.

ರಟ್ಟು ಹಾಕಿದ ಪುಸ್ತಕ ತೆಗೆದೆ.
ಬಿಳಿ ಡಬ್ಬ ಬಂದ ವರ್ಷ: ಎರಡು.
ಒಂದು ಆಲೆಮನೆ ಚಿಕ್ಕಬೋರಯ್ಯನಿಗೆ, ಬೆಲ್ಲಕ್ಕೆ ರೇಟು ಬಂದ ವಾರ.
"ಏನವ್ವಾ, ಇದು ಕರೆಂಟು ಎಷ್ಟು ತಿಂತದೆ?" ಅಂತ ಕೇಳಿ
ಉತ್ತರಕ್ಕೆ ಕಾಯದೆ ದುಡ್ಡು ಎಣಿಸಿದ. ನೋಟೆಲ್ಲ ಅಂಟಂಟು.
ಇನ್ನೊಂದು ದೊಡ್ಡಾಸ್ಪತ್ರೆ ನರ್ಸ್ ಫಿಲೋಮಿನಾಗೆ,
ಕಂತಿನ ಮೇಲೆ. ಮಗನಿಗೆ ಅಂದರು.
ಮಗನಿಲ್ಲ ಅನ್ನುವುದು ಮೂರನೇ ಕಂತಿಗೆ ಗೊತ್ತಾಯಿತು.
ರಾತ್ರಿ ಪಾಳಿ ಮುಗಿಸಿ ಬಂದು ಕಾರು ಓಡಿಸುತ್ತಾರಂತೆ
ಬೆಳಗ್ಗೆ ಒಂಬತ್ತರವರೆಗೆ,
ಯಾರೂ ಸಾಯದ ರಸ್ತೆಯಲ್ಲಿ.

ಆಮೇಲೆ ಏಳು, ಹನ್ನೊಂದು, ಒಂದು ವರ್ಷ ಹತ್ತೊಂಬತ್ತು,
ಊರೆಲ್ಲ ಬಾಗಿಲು ಹಾಕಿಕೊಂಡು ಕೂತ ವರ್ಷ.
ಆಮೇಲೆ ನಾಲ್ಕು.
ಗೆರೆಗೆ ಈ ನಾಲ್ಕು ಇಷ್ಟವಾಗಲಿಲ್ಲ.
"ಏನಾಯ್ತು ಮೇಡಂ?"
ಏನೂ ಆಗಲಿಲ್ಲಪ್ಪ. ಫೋನಲ್ಲೇ ಆಟ ಬಂತು.
ಕಾರ್ಖಾನೆಯ ಕಬ್ಬಿನ ಬಟವಾಡೆ ತಡವಾಯಿತು.
ಇಕ್ರಾಮ್ ಗಂಟೆಗೆ ಮೂವತ್ತಕ್ಕೆ ಆಡಿಸುವ ಅಂಗಡಿ ತೆಗೆದ,
ಒಂದು ಡಬ್ಬಕ್ಕೆ ನಲವತ್ತು ಹುಡುಗರು.
ಅವನಿಗೆ ಆ ಡಬ್ಬ ಮಾರಿದ್ದು ನಾನೇ.
ಜೊತೆಗೆ ಮೂವತ್ತೊಂಬತ್ತು ಗಿರಾಕಿಗಳನ್ನೂ.

ಅಷ್ಟರಲ್ಲಿ ಲೈನ್‌ಮನ್ ಒಬ್ಬ ಒಳಗೆ ಬಂದ.
ಬೂಟಿಗೆ ಕೆಮ್ಮಣ್ಣು, ಸೊಂಟದಲ್ಲಿ ಕಟಿಂಗ್ ಪ್ಲೇಯರ್.
ಗಾಜಿನ ಕಪಾಟಿನ ಕಡೆ ಕೈ ಮಾಡಿ
"ಅದು ಬೇಕು" ಅಂದ.
ಅದು ಮಾರುವುದಲ್ಲ, ತೋರಿಸುವುದು,
ಬಿಸಿಲು ಬಿದ್ದು ಬಿದ್ದು ಬಿಳಿ ಹೋಗಿ ಕೆನೆ ಬಣ್ಣವಾಗಿದೆ,
ಹೊಸದು ಒಳಗಿದೆ, ಕರಿಯದು, ವಾರಂಟಿ ಉಂಟು, ಅಂದೆ.
"ಅದೇ ಕೊಡಿ ಕಣಕ್ಕ. ನಾನು ನೋಡ್ತಿದ್ದುದು ಅದನ್ನೇ."

ಗುತ್ತಲಿನ ಕೆಂಪರಾಜು!
ಸ್ಕೂಲು ಬಿಟ್ಟು ನಾಲ್ಕೂವರೆಗೆ
ಗಾಜಿಗೆ ಮೂಗೊತ್ತಿ ನಿಲ್ಲುತ್ತಿದ್ದವನು.
ಟಿವಿಯೊಳಗಿನ ಗೋಲ್‌ಕೀಪರಿಗೆ
"ಎಡಕ್ಕೆ ಬೀಳ್ಲಾ, ಎಡಕ್ಕೆ" ಅಂತ ಕೂಗುತ್ತಿದ್ದವನು.
ಎಷ್ಟು ಸಲ ಗದರಿ ಓಡಿಸಿದ್ದೆ,
ಎಷ್ಟು ಸಲ ಒದ್ದೆ ಬಟ್ಟೆಯಲ್ಲಿ ಆ ಮೂಗನ್ನು ಒರೆಸಿದ್ದೆ.

ಹನ್ನೊಂದು ವರ್ಷ.
ಒಂದು ಮಾಲು ಬಿಕರಿಯಾಗಲು ಹನ್ನೊಂದು ವರ್ಷ ಹಿಡಿಯಿತು.
ಇದನ್ನು ಯಾವ ಕಾಲಮ್ಮಿಗೆ ಹಾಕುತ್ತೀಯಪ್ಪ, ಕೇಳಿದೆ.
"ಹಳೇ ಸ್ಟಾಕ್" ಅಂತ ಟೈಪ್ ಮಾಡಿದ ನಿಶ್ಚಲ.

ಅರ್ಧ ರೇಟು ಹೇಳಿದೆ. ಕೆಂಪರಾಜು ಇನ್ನೂರು ಜಗ್ಗಿದ.
ಫುಟ್ಬಾಲಿನ ಸಿ.ಡಿ. ಪುಕ್ಕಟೆ ಕೇಳಿದ.
ಕೊಡಲಿಲ್ಲ. ನೂರೈವತ್ತು ಇಸಕೊಂಡೆ.
ವ್ಯಾಪಾರ ಅಂದಮೇಲೆ ವ್ಯಾಪಾರ.

ಅವನು ಹೋದ ಮೇಲೆ ಕಪಾಟಿನಲ್ಲಿ
ಡಬ್ಬದಷ್ಟೇ ಉದ್ದಗಲಕ್ಕೆ ಧೂಳಿಲ್ಲದ ಜಾಗ.
ಹೊರಗಿನ ಗಾಜಿನ ಮೇಲೆ, ನಿನ್ನೆ ಸಂಜೆಯವು,
ಮೂರು ಮೂಗು.
ಒಂದು ತೀರ ಕೆಳಗಿದೆ.

"ಅಂದಾಜು ಮೇಡಂ?"
ಮೂರು, ಅಂದೆ.
"ವರ್ಷಕ್ಕಾ?"

ಸರಿಯಾಗಿ ಆಗಲೇ ಕರೆಂಟು ಹೋಯಿತು.
ನೀಲಿ ಗೆರೆ ಮಾತ್ರ ಬ್ಯಾಟರಿಯಲ್ಲಿ ಹತ್ತುತ್ತಲೇ ಇತ್ತು.
ಕಂಬ ಹತ್ತಬೇಕಾದವನು
ಡಬ್ಬ ತಬ್ಬಿಕೊಂಡು
ಗುತ್ತಲಿನ ಕಡೆ ಹೊರಟಾಗಿತ್ತು.