ಐದು ತುಂಡು

ಐದು ತುಂಡು ಇಟ್ಟು ಹೋಗಿದ್ದಾನೆ ಶೋರೂಮಿನ ಮುದಸ್ಸಿರ್.
ಮರದ ಹೊಟ್ಟು, ಪ್ಲಾಸ್ಟಿಕ್ಕು ಕಲಸಿ ಒತ್ತಿದ ಹಲಗೆ,
ಅಂಗೈಯಗಲ.
ಹೆಸರು ಮಾತ್ರ ದೊಡ್ಡವು: ವಾಲ್ನಟ್, ಚಾರ್ಕೋಲ್, ಸ್ಯಾಂಡ್...
"ಗೆದ್ದಲ ಹತ್ತಂಗಿಲ್ರಿ, ಇಪ್ಪತ್ತು ವರ್ಷ ಬಣ್ಣ ಬಿಡಂಗಿಲ್ರಿ."

ನಮ್ಮ ಮಾಳಗಿಗೆ ಈವರೆಗೆ ಬಣ್ಣ ಕೇಳಿದವರಿಲ್ಲ.
ಶಹಾಬಾದಿನಿಂದ ಲಾರಿ ಬಂತು, ಫರಸಿ ಇಳಿಯಿತು,
ಕಲ್ಲು ಯಾವ ಬಣ್ಣವೋ ನೆಲ ಅದೇ ಬಣ್ಣ.
ಆರಿಸುವುದೆಂದರೆ ಒಡೆದದ್ದನ್ನು ಪಕ್ಕಕ್ಕಿಡುವುದು.

ಏಪ್ರಿಲ್. ಕಲಬುರಗಿಯ ಮಧ್ಯಾಹ್ನ ಒಂದೂವರೆ.
ತುಂಡುಗಳನ್ನು ಸಾಲಾಗಿ ಬಿಸಿಲಿಗಿಟ್ಟೆ,
ಚಪ್ಪಲಿ ಕಳಚಿ ಒಂದೊಂದರ ಮೇಲೂ ಹೆಬ್ಬೆರಳು.
ಮರಳಿನ ಬಣ್ಣದ್ದು ಬೈದು ಬಿಟ್ಟಿತು.
ವಾಲ್ನಟ್ ಕಚ್ಚಿತು.
ಇದ್ದಿಲ ಬಣ್ಣದ್ದರ ಬಗ್ಗೆ ಹೇಳಲಾರೆ.
ಬಕೆಟ್ಟಿನ ನೀರಲ್ಲಿ ಕಾಲು ಇಳಿಬಿಟ್ಟುಕೊಂಡೇ
ಚೀಟಿಯಲ್ಲಿ ಬರೆದೆ: ಮರಳು.

ಅತ್ತಿಗೆ ನೀಲಗಂಗಾ ಮೆಟ್ಟಿಲೇರಿ ಬಂದಳು,
ಸೊಂಟಕ್ಕೆ ಮೊರ.
ಐದರ ಮೇಲೂ ಒಂದೊಂದು ಹಿಡಿ ತೊಗರಿಬೇಳೆ ಚೆಲ್ಲಿ
ದೂರ ನಿಂತು ಕಣ್ಣು ಕಿರಿದು ಮಾಡಿದಳು.
ಮರಳಿನ ಮೇಲೆ ಬೇಳೆಯೂ ಕಾಣದು, ಹರಳೂ ಕಾಣದು.
ಕರಿದರ ಮೇಲೆ ಒಂದೊಂದು ಬೇಳೆಯೂ ಎದ್ದು ಕೂತಿತ್ತು,
ಹುಳ ಕೊರೆದದ್ದು ಕೂಡ.

"ನಿನ್ನ ಕಾಲು ಸುಟ್ಟರ ನನ್ನ ಸಂಡಿಗಿ ಒಣಗತಾವ," ಅಂದಳು.
"ಸಂಜಿಗಿ ಹೆಂಗೂ ನೀರು ಹೊಡಿಯೋದದ,
ರಾತ್ರಿ ಹಾಸಗಿ ಹಾಸೋದದ.
ಕತ್ತಲದಾಗ ಮಲಗಿದ ಮ್ಯಾಲೆ ಯಾವ ಬಣ್ಣಾ?"

ಮುದಸ್ಸಿರ್ ಫೋನು ಮಾಡಿದ. ಚೀಟಿಗೆ ಗೀಟೆಳೆದೆ.

ಈಗ ಮಾಳಗಿಯ ಬಾಗಿಲಿಗೆ ಒಂದು ಜೊತೆ ರಬ್ಬರ್ ಚಪ್ಪಲಿ,
ಎಡದ್ದು ನನ್ನದು,
ಬಲದ್ದು ಯಾರದೋ.